ಆನೆ ತಿಂದ ರಾಗಿಯ ಪಾಲನ್ನು ಐಸೋಟೋಪ್ ಮಾದರಿ ಹೇಳಬಲ್ಲದೇ?

ಪ್ರಶ್ನೆ: ಸರ್, ನಾನು ಕಾಡಂಚಿನ ಆನೆಗಳ ಆಹಾರದ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಬಾಲದ ಕೂದಲಿನಲ್ಲಿ ಇಂಗಾಲ ಮತ್ತು ಸಾರಜನಕದ ಸ್ಥಿರ ಐಸೋಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳನ್ನು) ಅಳೆದಿದ್ದೇನೆ. ಕಾಡಿನ ಹುಲ್ಲು, ರಾಗಿ, ಕಬ್ಬು, ಭತ್ತ, ಮರಗಿಡಗಳ ಸೊಪ್ಪು-ತೊಗಟೆ ಎಂಬ ಐದು ಮೂಲಗಳನ್ನು ಮಿಕ್ಸ್‌ಸಿಯಾರ್ ಮಿಶ್ರಣ ಮಾದರಿಗೆ (ಐಸೋಟೋಪ್ ಮೌಲ್ಯಗಳಿಂದ ಪ್ರತಿ ಆಹಾರದ ಪಾಲನ್ನು ಅಂದಾಜು ಮಾಡುವ ಸಂಖ್ಯಾಶಾಸ್ತ್ರೀಯ ಸಾಧನಕ್ಕೆ) ಕೊಟ್ಟಾಗ ರಾಗಿಯ ಪಾಲು ಸರಾಸರಿ ಶೇ. 20, ಹರವು ಶೇ. 1ರಿಂದ 51 ಎಂದು ಬಂದಿತು. ಆಹಾರದ ಐದನೇ ಒಂದು ಭಾಗ ರಾಗಿ ಎಂದು ಬರೆಯಬಹುದೇ? ಈ ಅಂಕಿ ಬೆಳೆ ಪರಿಹಾರದ ಚರ್ಚೆಗೂ ಹೋಗಬಹುದು.

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ನೀವು ಬೇರೆ ಸೂಚನೆ ಕೊಡದಿದ್ದರೆ ಮಾದರಿಯು ಎಲ್ಲ ಮೂಲಗಳಿಗೂ ಸಮಾನ ಅವಕಾಶವಿದೆ ಎಂಬ ಪೂರ್ವ ಊಹೆಯಿಂದ ಆರಂಭಿಸುತ್ತದೆ. ಮೂಲಗಳು ಐದಿದ್ದಾಗ, ಒಂದೇ ಒಂದು ಕೂದಲನ್ನು ಅಳೆಯದಿದ್ದರೂ ಪ್ರತಿಯೊಂದರ ಸರಾಸರಿ ಶೇ. 20 ಆಗಿರುತ್ತದೆ, ಶೇ. 95ರ ಹರವು (ನಿಜವಾದ ಪಾಲು ಇರುವ ಸಂಭವ ಶೇ. 95ರಷ್ಟಿರುವ ವ್ಯಾಪ್ತಿ) ಸುಮಾರು ಶೇ. 1ರಿಂದ 60ರವರೆಗೆ ಇರುತ್ತದೆ. ನಿಮ್ಮ ಫಲಿತಾಂಶ ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ. ರಾಗಿಯ ಬಗ್ಗೆ ಕೂದಲು ನಿಮಗೆ ಹೆಚ್ಚೇನೂ ತಿಳಿಸಿಲ್ಲ.

ಕಾರಣ ಗಿಡಗಳಲ್ಲೇ ಇದೆ. ದ್ಯುತಿಸಂಶ್ಲೇಷಣೆಯ ಬಗೆಯ ಮೇಲೆ ಸಸ್ಯಗಳನ್ನು ಸಿ3, ಸಿ4 ಎಂದು ಗುಂಪು ಮಾಡುತ್ತಾರೆ. ಮರಗಿಡಗಳ ಸೊಪ್ಪು ಮತ್ತು ಭತ್ತ ಸಿ3 ಸಸ್ಯಗಳಾದ್ದರಿಂದ ಅವುಗಳ ಇಂಗಾಲದ ಮೌಲ್ಯ (ಭಾರವಾದ ಇಂಗಾಲ-13ರ ಅನುಪಾತ ಒಂದು ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು) ಸುಮಾರು −27‰ ಇರುತ್ತದೆ; ರಾಗಿ, ಕಬ್ಬು ಮತ್ತು ನಮ್ಮ ಬಯಲು ಕಾಡುಗಳ ಬಹುಪಾಲು ಹುಲ್ಲು ಸಿ4 ಸಸ್ಯಗಳು, ಅವುಗಳದ್ದು −12‰ ಆಸುಪಾಸು. ಹೀಗಾಗಿ ಇಂಗಾಲವು ಸಿ4ರ ಒಟ್ಟು ಪಾಲನ್ನು ಚೆನ್ನಾಗಿ ತಿಳಿಸುತ್ತದೆ (ನಿಮ್ಮ ಹರವು 60ರಿಂದ 51ಕ್ಕೆ ಇಳಿದಿರುವುದು ಬಹುಶಃ ಅದರಿಂದಲೇ), ಆದರೆ ಆ ಪಾಲಿನಲ್ಲಿ ಹೊಲದ್ದೆಷ್ಟು, ಕಾಡಿನದ್ದೆಷ್ಟು ಎಂಬುದನ್ನು ಬಿಡಿಸಿ ಹೇಳಲಾರದು.

ಮರುಪ್ರಶ್ನೆ: ಹಾಗಾದರೆ ಇಷ್ಟು ದಿನದ ಅಳತೆ ವ್ಯರ್ಥವಾಯಿತೇ, ಸರ್?

ಉತ್ತರ: ಖಂಡಿತ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಆನೆಗಳ ಮೂಳೆಯಲ್ಲಿನ ಕೊಲಾಜನ್ ಎಂಬ ಪ್ರೋಟೀನನ್ನು ಅಳೆದಾಗ, ಆನೆಗಳು ಹುಲ್ಲು ಮೇಯುವುದು ಕಣ್ಣಿಗೆ ಧಾರಾಳವಾಗಿ ಕಾಣುತ್ತಿದ್ದರೂ, ದೊಡ್ಡ ಆನೆಗಳ ಕೊಲಾಜನ್‌ನ ಇಂಗಾಲದಲ್ಲಿ ಸೊಪ್ಪು-ತೊಗಟೆಯ ಪಾಲೇ ಹೆಚ್ಚಾಗಿತ್ತು. ಸಿ3 ಮತ್ತು ಸಿ4 ಎಂಬ ಎರಡೇ ಗುಂಪುಗಳಿಂದ ಹೊರಟ ಮಾತು ಅದು, ಇಂದಿಗೂ ಅದಕ್ಕೆ ಬೆಲೆಯಿದೆ. ಸೊಪ್ಪಿನಲ್ಲಿ ಪ್ರೋಟೀನ್ ಹೆಚ್ಚು. ಕೊಲಾಜನ್‌ನಂತೆ ಕೂದಲೂ ಪ್ರೋಟೀನೇ ಆದ್ದರಿಂದ ಸೊಪ್ಪಿನ ಗುರುತು ಅದರಲ್ಲಿ ಹೆಚ್ಚಾಗಿ ಉಳಿಯಬಹುದು. ಆದ ಕಾರಣ ಪ್ರತಿ ಮೂಲದ ಇಂಗಾಲ-ಸಾರಜನಕಗಳ ಶೇಕಡಾ ಪ್ರಮಾಣವನ್ನೂ ಮಾದರಿಗೆ ಕೊಡಿ. ಆಹಾರದಿಂದ ಕೂದಲಿಗೆ ಬರುವಾಗ ಇಂಗಾಲದ ಮೌಲ್ಯ ಸುಮಾರು 3‰ ಏರುತ್ತದೆ. ಕೊಲಾಜನ್‌ಗೆ ಹೇಳಿದ 5‰ ಅನ್ನು ಇಲ್ಲಿ ಬಳಸಬೇಡಿ.

ನಿಮ್ಮದೇ ಹೊಲಗಳ ರಾಗಿ ಮತ್ತು ಪಕ್ಕದ ಕಾಡಿನ ಹುಲ್ಲಿನ ಸಾರಜನಕವನ್ನು ಹೋಲಿಸಿ. ಕೊಟ್ಟಿಗೆ ಗೊಬ್ಬರ ಉಂಡ ಬೆಳೆಯಲ್ಲಿ ಸಾರಜನಕ-15 (ಸಾರಜನಕದ ಭಾರವಾದ ಐಸೋಟೋಪ್) ಏರಿರುತ್ತದೆ, ರಾಸಾಯನಿಕ ಗೊಬ್ಬರದಲ್ಲಿ ಅದು ಸೊನ್ನೆಯ ಹತ್ತಿರ. ರಾಗಿ ಮತ್ತು ಹುಲ್ಲಿನ ನಡುವೆ ಸ್ಪಷ್ಟ ಅಂತರವಿದ್ದರೆ ಮಾತ್ರ ರಾಗಿಯನ್ನು ಬೇರೆ ಮೂಲವಾಗಿ ಉಳಿಸಿಕೊಳ್ಳಿ. ಇಲ್ಲದಿದ್ದರೆ ಹುಲ್ಲು, ರಾಗಿ, ಕಬ್ಬುಗಳನ್ನು ಒಂದೇ ಸಿ4 ಗುಂಪಾಗಿ ಸೇರಿಸಿ ವರದಿ ಮಾಡಿ.

ಕೂದಲನ್ನು ಬುಡದಿಂದ ತುದಿಯವರೆಗೆ ತುಂಡು ತುಂಡಾಗಿ ಅಳೆದರೆ ಕಾಲವೂ ಕಾಣುತ್ತದೆ. ಕೆನ್ಯಾದ ಸಾಂಬುರು ಆನೆಗಳ 2006ರ ಅಧ್ಯಯನದಲ್ಲಿ ಕೂದಲಿನ ಮೌಲ್ಯಗಳ ಜೊತೆಗೆ ಜಿಪಿಎಸ್ ಕೊರಳಪಟ್ಟಿಯ ದಾಖಲೆಯೂ ಇದ್ದುದರಿಂದಲೇ ಒಂದು ಆನೆ ಮೆಕ್ಕೆಜೋಳದ ಹೊಲಗಳಿಗೆ ಹೋಗುತ್ತಿತ್ತೆಂದು ಹೇಳಲು ಸಾಧ್ಯವಾಯಿತು. ನಿಮ್ಮಲ್ಲಿ ಕೊರಳಪಟ್ಟಿ ಇಲ್ಲದಿದ್ದರೆ, ರಾಗಿ ತೆನೆಯ ತಿಂಗಳುಗಳಲ್ಲಿ ಲದ್ದಿ ಸಂಗ್ರಹಿಸಿ ಅದರಲ್ಲಿನ ಸಸ್ಯ ಡಿಎನ್‌ಎ ಪರೀಕ್ಷೆ ಮಾಡಿಸಿ. ರಾಗಿ ತಿಂದಿದ್ದರೆ ಅದರ ಹೆಸರನ್ನೇ ಆ ಪರೀಕ್ಷೆ ತೋರಿಸಬಹುದು. ರೈತರ ಪರಿಹಾರದ ಮಾತು ಬಂದಾಗ ಶೇ. 20 ಎಂಬ ಅಂಕಿಗಿಂತ ಆ ಸಾಕ್ಷ್ಯವನ್ನೇ ಮುಂದಿಡಿ.