ಸಸ್ಪೆನ್ಷನ್ ಬುಷ್‌ಗಳನ್ನು ಮನೆಯಲ್ಲೇ ಎರಕ ಹೊಯ್ಯಬಹುದೇ? ಪಾಲಿಯುರೆಥೇನ್ ಎಷ್ಟು ಗಡಸಾಗಿರಬೇಕು?

ಪ್ರಶ್ನೆ (ಹಳೆಗಾಲಿ)

ನನ್ನಲ್ಲಿರುವ ಕಾರಿನ ತಯಾರಿಕೆ ನಿಂತು ಬಹಳ ವರ್ಷಗಳಾಗಿವೆ. ಅದರ ಮುಂದಿನ ಚಕ್ರಗಳನ್ನು ಕಾರಿನ ದೇಹಕ್ಕೆ ಜೋಡಿಸುವ ಕೆಳಗಿನ ತೋಳುಗಳ (ಲೋಯರ್ ಆರ್ಮ್) ಬುಷ್‌ಗಳು, ಅಂದರೆ ತೋಳಿನ ಕೀಲುಗಳಲ್ಲಿ ಕೂರುವ ರಬ್ಬರಿನ ಉರುಳೆಗಳು, ಹಾಳಾಗಿವೆ: ರಬ್ಬರು ಒಣಗಿ, ಬಿರುಕು ಬಿಟ್ಟು, ಒಳಗಿನ ಕೊಳವೆಯಿಂದ ಅಲ್ಲಲ್ಲಿ ಕಿತ್ತು ಬಂದಿದೆ. ಬ್ರೇಕ್ ಒತ್ತಿದರೆ ಚಕ್ರ ಹಿಂದಕ್ಕೆ ಜರಗುವುದು ಹೊರಗೆ ನಿಂತವರ ಕಣ್ಣಿಗೂ ಕಾಣುತ್ತದೆ. ಬುಷ್ ಬಿಡಿಯಾಗಿ ಸಿಗುವುದಿಲ್ಲ, ಆರ್ಮ್ ಸಮೇತ ಸಿಗುತ್ತಿದ್ದ ದಾಸ್ತಾನೂ ಮುಗಿದಿದೆ. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಬುಷ್‌ಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗೇನೂ ಇಲ್ಲ.

ಹಳೆಯ ರಬ್ಬರನ್ನು ಸುಟ್ಟು ತೆಗೆದು, ಹೊರಗಿನ ಉಕ್ಕಿನ ಕವಚವನ್ನೇ ಅಚ್ಚಾಗಿ ಬಳಸಿಕೊಂಡು, ಎರಡು ದ್ರವಗಳನ್ನು ಬೆರೆಸುವ ಪಾಲಿಯುರೆಥೇನನ್ನು ಅದರೊಳಗೆ ಹೊಯ್ಯಬೇಕೆಂದು ಯೋಚಿಸಿದ್ದೇನೆ. ಮುಂದಿನ ಬುಷ್‌ನ ಅಳತೆಗಳು ಹೀಗಿವೆ: ಕವಚದ ಒಳವ್ಯಾಸ 38 ಮಿ.ಮೀ., ನಡುವಿನ ಕೊಳವೆಯ ಹೊರವ್ಯಾಸ 18 ಮಿ.ಮೀ., ಬೋಲ್ಟ್ ರಂಧ್ರ 12 ಮಿ.ಮೀ. ಯಾವ ಗಡಸುತನದ ವಸ್ತುವನ್ನು ಆರಿಸಬೇಕು, ಮತ್ತು ಇದು ರಸ್ತೆಯಲ್ಲಿ ಓಡಿಸಲು ನಂಬಬಹುದಾದ ಕೆಲಸವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ಲೇತ್‌ಕೆಲಸ)

ಗಡಸುತನದ ಮಾತಿಗೆ ಮೊದಲು, ಈಗಿರುವ ಬುಷ್ ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಕಂಪನಿಯ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕವಚಕ್ಕೂ ವಲ್ಕನೀಕರಣದಿಂದ (ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವ ವಿಧಾನದಿಂದ) ಬೆಸೆದುಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಕೊಳವೆ ಬ್ರಾಕೆಟ್‌ನ ನಡುವೆ ಸಿಕ್ಕಿ ಅಲುಗದಂತಾಗುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಯಾವುದೂ ಜಾರುವುದಿಲ್ಲ, ರಬ್ಬರು ತಿರುಚಿಕೊಂಡು ಮತ್ತೆ ಸಡಿಲಗೊಳ್ಳುತ್ತದೆ, ಅಷ್ಟೇ. ಆ ಕಾರಣದಿಂದಲೇ ಅದಕ್ಕೆ ಗ್ರೀಸ್ ಬೇಡ, ಧೂಳಿನ ಭಯವೂ ಇಲ್ಲ.

ನೀವು ಹೊಯ್ಯುವ ಪಾಲಿಯುರೆಥೇನ್ ಉಕ್ಕಿಗೆ ಹಾಗೆ ಅಂಟಿಕೊಳ್ಳುವುದಿಲ್ಲ. ಅಂಟಬೇಕಾದರೆ ಲೋಹವನ್ನು ಮರಳಿನ ಸಿಡಿತದಿಂದ ಒರಟು ಮಾಡಿ, ತಕ್ಕ ಪ್ರೈಮರ್ ಹಚ್ಚಿ, ವಿಧಿಪ್ರಕಾರ ಕಾಯಿಸಬೇಕಾಗುತ್ತದೆ. ಮನೆಯಲ್ಲಿ ಅದನ್ನು ಭರವಸೆಯಿಂದ ಸಾಧಿಸುವುದು ಕಷ್ಟ. ಅರ್ಧ ಅಂಟಿ ಅರ್ಧ ಬಿಟ್ಟುಕೊಂಡ ಬುಷ್‌ಗಿಂತ, ಅಂಟದಂತೆಯೇ ಹೊಯ್ದು ಕೊಳವೆಯ ಸುತ್ತ ತಿರುಗಲು ಬಿಡುವ ಬುಷ್ ಎಷ್ಟೋ ಮೇಲು. ಆದರೆ ಆಗ ಅದು ಬೇರಿಂಗ್ ಆಗಿ ಕೆಲಸ ಮಾಡುತ್ತದೆಯೆಂಬುದನ್ನು ಮರೆಯಬಾರದು. ಕೊಳವೆಯ ಹೊರಮೈ ನುಣುಪಾಗಿರಬೇಕು, ತುಕ್ಕಿನ ಗುಳಿಗಳಿದ್ದರೆ ಹೊಸದನ್ನು ಟರ್ನಿಂಗ್ ಮಾಡಿಸಬೇಕು, ಪಾಲಿಯುರೆಥೇನ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಬಳಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕೊಳವೆಯ ಉದ್ದ. ಬೋಲ್ಟ್‌ನ ಬಿಗಿತವನ್ನು ಹೊರಬೇಕಾದದ್ದು ಕೊಳವೆಯೇ ಹೊರತು ಪಾಲಿಯುರೆಥೇನ್ ಅಲ್ಲ. ಕೊಳವೆ ಗಿಡ್ಡವಾದರೆ ಬ್ರಾಕೆಟ್‌ನ ಕಿವಿಗಳು ಮೃದುವಾದ ಭಾಗವನ್ನು ಹಿಂಡಿ ಹಿಡಿಯುತ್ತವೆ. ಆರ್ಮ್ ಬಿಗಿದುಕೊಳ್ಳುತ್ತದೆ, ದಿನ ಕಳೆದಂತೆ ಆ ಭಾಗ ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ.

ಇನ್ನು ಗಡಸುತನ. ಸಸ್ಪೆನ್ಷನ್ ಬುಷ್‌ಗಳ ರಬ್ಬರು ಸಾಮಾನ್ಯವಾಗಿ ಶೋರ್ ಎ ಮಾನದಲ್ಲಿ (ರಬ್ಬರಿನಂಥ ವಸ್ತುಗಳ ಗಡಸುತನದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಗಡಸು) 50ರಿಂದ 70ರ ನಡುವೆ ಇರುತ್ತದೆ, ಸಿದ್ಧವಾಗಿ ಮಾರಾಟವಾಗುವ ಪಾಲಿಯುರೆಥೇನ್ ಬುಷ್‌ಗಳು ಹೆಚ್ಚಾಗಿ 80ರಿಂದ 95ರವರೆಗೆ ಇರುತ್ತವೆ. ರಸ್ತೆಯ ಬಳಕೆಗೆ ನಾನಾದರೆ 80ನ್ನು ದಾಟುವುದಿಲ್ಲ. ಆದರೆ ಸಂಖ್ಯೆಯೊಂದನ್ನೇ ನೋಡುವುದು ಸಾಲದು. ರಬ್ಬರಾಗಲಿ ಪಾಲಿಯುರೆಥೇನಾಗಲಿ ಗಾತ್ರದಲ್ಲಿ ಬಹುತೇಕ ಕುಗ್ಗುವುದೇ ಇಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಲೇಬೇಕು. ಗೋಡೆ ತೆಳುವಾಗಿದ್ದು ಎರಡೂ ತುದಿಗಳು ಮುಚ್ಚಿಕೊಂಡಿದ್ದರೆ ಉಬ್ಬಲು ಜಾಗವಿಲ್ಲದೆ ಮೃದುವಾದ ವಸ್ತುವೂ ಕಲ್ಲಿನಂತೆ ವರ್ತಿಸುತ್ತದೆ. ನಿಮ್ಮ ಬುಷ್‌ನ ಗೋಡೆ 10 ಮಿ.ಮೀ. ದಪ್ಪವಿರುವುದರಿಂದ ಆ ತೊಂದರೆ ಅಷ್ಟಾಗಿ ಬರಲಾರದು.

ಉತ್ತರ (ಎರಕದಚ್ಚು)

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ಹೊಯ್ಯುವ ಕೆಲಸದ ಬಗ್ಗೆ ಮಾತ್ರ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ರಬ್ಬರನ್ನು ಸುಡಬೇಡಿ. ಹೊಗೆ ವಿಷಕಾರಿ, ಅಲ್ಲದೆ ಆರ್ಮ್‌ಗೂ ಅದರ ಬಣ್ಣಕ್ಕೂ ಅನಗತ್ಯ ಕಾವು ತಗಲುತ್ತದೆ. ಸುತ್ತಲೂ ಸಾಲಾಗಿ ಡ್ರಿಲ್ ಮಾಡಿ ನಡುವಿನ ಕೊಳವೆಯನ್ನು ತಳ್ಳಿ ತೆಗೆದು, ಉಳಿದುದನ್ನು ಕೆರೆದುಹಾಕಬಹುದು. ಮುಂದೆಂದಾದರೂ ನೀವೇ ಹೊಯ್ದ ಬುಷ್ ತೆಗೆಯಬೇಕಾಗಿ ಬಂದಾಗಲೂ ಬೆಂಕಿಯ ಯೋಚನೆ ಬೇಡ, ಏಕೆಂದರೆ ಸುಡುವ ಪಾಲಿಯುರೆಥೇನ್‌ನಿಂದ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ.

ಈ ಕೆಲಸದ ದೊಡ್ಡ ಶತ್ರು ತೇವಾಂಶ. ದ್ರವದಲ್ಲಿರುವ ಐಸೊಸಯನೇಟ್ ನೀರಿನೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹೊರನೋಟಕ್ಕೆ ಚೊಕ್ಕವಾಗಿ ಕಾಣುವ ಬುಷ್ ಕತ್ತರಿಸಿ ನೋಡಿದರೆ ಒಳಗೆಲ್ಲ ಗುಳ್ಳೆಗಳಿರುತ್ತವೆ. ಮರದ ಅಚ್ಚು, ಕಾಗದದ ಲೋಟ, ಮರದ ಕಡ್ಡಿ ಇವು ತೇವ ಹಿಡಿದಿಟ್ಟುಕೊಳ್ಳುವುದರಿಂದ ಬಳಸದಿರುವುದೇ ಲೇಸು. ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್ ಪಾತ್ರೆಗಳಿಗೆ ಇದು ಅಂಟುವುದಿಲ್ಲ. ಅಚ್ಚನ್ನೂ ಅದೇ ವಸ್ತುವಿನ ದಿಂಡಿನಿಂದ ಲೇತ್‌ನಲ್ಲಿ ಕೊರೆಸಿದರೆ ಬಿಡಿಸುವ ಎಣ್ಣೆಯ ಅಗತ್ಯವೂ ಕಡಿಮೆ. ಕವಚದೊಳಗೇ ಹೊಯ್ಯುವುದಾದರೆ ಮಧ್ಯದ ಕೊಳವೆ ಅಕ್ಷಕ್ಕೆ ಸರಿಯಾಗಿ ನಿಲ್ಲಲು ಮೇಲೆ ಕೆಳಗೆ ಎರಡು ಮುಚ್ಚಳಗಳು ಬೇಕು, ಕೊಳವೆಗೆ ತೆಳುವಾಗಿ ಮೇಣದ ಲೇಪವೂ ಬೇಕು.

ಎರಡು ದ್ರವಗಳನ್ನು ಕಣ್ಣಂದಾಜಿನಲ್ಲಿ ಬೆರೆಸುವಂತಿಲ್ಲ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿ, ತಯಾರಕರು ಹೇಳಿದ ಪ್ರಮಾಣದಲ್ಲೇ ಸೇರಿಸಿ, ಗಾಳಿ ಒಳಸೇರದಂತೆ ನಿಧಾನವಾಗಿ ಕಲಕಬೇಕು. ಅನಂತರ ಮಿಶ್ರಣವನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ಮತ್ತೊಮ್ಮೆ ಕಲಕುವುದು ಒಳ್ಳೆಯದು. ಮೊದಲ ಪಾತ್ರೆಯ ಗೋಡೆಗೆ ಅಂಟಿ ಬೆರೆಯದೆ ಉಳಿದ ದ್ರವ ಬುಷ್‌ನಲ್ಲಿ ಎಂದೂ ಗಟ್ಟಿಯಾಗದ ಜಿಗುಟು ಪಟ್ಟಿಯಾಗಿ ನಿಲ್ಲುತ್ತದೆ. ನಿರ್ವಾತ ಪಂಪಿದ್ದರೆ ಹೊಯ್ಯುವ ಮೊದಲು ಗಾಳಿ ತೆಗೆಯಿರಿ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಬಗೆಯನ್ನು ಮರುದಿನ ಅಚ್ಚಿನಿಂದ ಬಿಡಿಸಬಹುದಾದರೂ, ಅದಕ್ಕೆ ಪೂರ್ಣ ಶಕ್ತಿ ಬರಲು ವಾರದಷ್ಟು ಸಮಯ ಬೇಕು.

ವಿಂಡ್‌ಶೀಲ್ಡ್ ಅಂಟಿಸುವ ಕಪ್ಪು ಪೇಸ್ಟ್ ತುಂಬಿದರಾಯಿತು ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಅದು ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ದಿನಕ್ಕೆ ಕೆಲವೇ ಮಿಲಿಮೀಟರ್ ಗಟ್ಟಿಯಾಗುತ್ತ ಹೋಗುತ್ತದೆ; ಎರಡು ಉಕ್ಕಿನ ಗೋಡೆಗಳ ನಡುವಿನ ಆಳದಲ್ಲಿ ಬಹುಕಾಲ ಹಸಿಯಾಗಿಯೇ ಉಳಿಯುತ್ತದೆ.

ಉಸಿರಿನ ವಿಷಯದಲ್ಲಿ ರಾಜಿ ಬೇಡ. ಐಸೊಸಯನೇಟ್‌ಗೆ ದೇಹ ಒಮ್ಮೆ ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಅಸ್ತಮಾ ಕೆರಳಿಸಬಲ್ಲದು. ಧೂಳಿನ ಮಾಸ್ಕ್ ಇಲ್ಲಿ ನಿರುಪಯುಕ್ತ. ಸಾವಯವ ಆವಿಗಳನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್, ನೈಟ್ರೈಲ್ ಕೈಗವಸು, ಗಾಳಿಯಾಡುವ ಜಾಗ ಮೂರೂ ಬೇಕು. ಗಟ್ಟಿಗೊಳಿಸುವ ದ್ರವದಲ್ಲಿ ಮೋಕಾ ಎಂಬ ರಾಸಾಯನಿಕ ಇದ್ದರೆ ಮನೆಗೆ ತರಲೇಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ಪ್ರಶ್ನೆ ಕೇಳಿದವರಿಂದ (ಹಳೆಗಾಲಿ)

ಇಬ್ಬರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಅದೇ ಲೋಯರ್ ಆರ್ಮ್‌ನ ಹಿಂದಿನ ತುದಿಯ ಬುಷ್ಷನ್ನೂ ಬಿಚ್ಚಿ ನೋಡಿದೆ. ಅದರ ಬೋಲ್ಟ್ ನೆಟ್ಟಗೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ರಬ್ಬರಿನಲ್ಲಿ ಎದುರುಬದುರಾಗಿ ಅರ್ಧಚಂದ್ರಾಕಾರದ ಎರಡು ಪೊಳ್ಳುಗಳಿವೆ; ಅವು ಹರಿದು ಆದವುಗಳಲ್ಲ, ಅಂಚುಗಳು ನಯವಾಗಿವೆ. ಇವನ್ನೂ ತುಂಬಿಸಿ ಗಟ್ಟಿಮುಟ್ಟಾಗಿ ಹೊಯ್ದರೆ ಹೇಗೆ? ಅಥವಾ ನೈಲಾನ್ ದಿಂಡಿನಿಂದ ಕೊರೆಸಿದರೆ?

ಉತ್ತರ (ಲೇತ್‌ಕೆಲಸ)

ಎರಡೂ ಬೇಡ. ನೈಲಾನ್ ತೇವ ಹೀರಿ ಉಬ್ಬುತ್ತದೆ, ಕೊಳವೆಯ ಮೇಲೆ ಬಿಗಿದುಕೊಳ್ಳುತ್ತದೆ. ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ ಆ ವಿಷಯದಲ್ಲಿ ಉತ್ತಮ, ಆದರೆ ಅದರಲ್ಲಿ ಎಳ್ಳಷ್ಟೂ ಬಳುಕಿಲ್ಲ. ಒಂದೇ ಅಕ್ಷದ ಸುತ್ತ ತಿರುಗುವ ಜಾಗಕ್ಕೆ ಮಾತ್ರ ಅದು ಸಲ್ಲುತ್ತದೆ.

ನಿಮ್ಮ ಹಿಂದಿನ ಬುಷ್ ಅಂಥ ಜಾಗವಲ್ಲ. ಬೋಲ್ಟ್ ನೆಟ್ಟಗಿರುವುದರಿಂದ, ಚಕ್ರ ಮೇಲೆ ಕೆಳಗೆ ಆಡುವಾಗ ಆ ಬುಷ್ ತಿರುಗುವುದಿಲ್ಲ, ವಾಲುತ್ತದೆ. ಕೊಳವೆಗೆ ಬಿಗಿಯಾಗಿ ಕೂತ ಗಟ್ಟಿ ಬುಷ್ ವಾಲಲು ಒಪ್ಪುವುದಿಲ್ಲ. ಆಗ ಬಲವೆಲ್ಲ ಬ್ರಾಕೆಟ್‌ನ ಬೆಸುಗೆಯ ಮೇಲೆ ಬೀಳುತ್ತದೆ. ಪೊಳ್ಳುಗಳನ್ನು ಬಿಟ್ಟಿರುವುದೂ ಉದ್ದೇಶಪೂರ್ವಕವಾಗಿಯೇ: ಪೊಳ್ಳು ಇರುವ ದಿಕ್ಕಿನಲ್ಲಿ ಬುಷ್ ಮೃದು, ರಬ್ಬರು ತುಂಬಿರುವ ದಿಕ್ಕಿನಲ್ಲಿ ಬಿಗಿ. ಗುಂಡಿಗೆ ಬಡಿದ ಚಕ್ರ ಕೊಂಚ ಹಿಂದೆ ಸರಿದು ಪೆಟ್ಟನ್ನು ನುಂಗಿಕೊಳ್ಳುವಂತೆ ಮಾಡಿರುವ ಏರ್ಪಾಡು ಅದು. ತುಂಬಿಸಿದರೆ ಆ ಪೆಟ್ಟು ನೇರವಾಗಿ ಕಾರಿನ ದೇಹಕ್ಕೆ ಹೋಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಸ್ಟೆಬಿಲೈಸರ್ ಬಾರ್‌ನ ಬುಷ್‌ಗಳನ್ನು ಮೊದಲು ಹೊಯ್ಯಿರಿ. ಅವು ಕೆಟ್ಟರೂ ಸದ್ದು ಬಂದೀತೇ ಹೊರತು ಚಕ್ರ ದಿಕ್ಕು ತಪ್ಪುವುದಿಲ್ಲ, ನಿಮ್ಮ ಮಿಶ್ರಣ ಎಷ್ಟು ಬಾಳುತ್ತದೆಂಬುದೂ ಅಲ್ಲಿ ತಿಳಿಯುತ್ತದೆ. ಅದು ತೃಪ್ತಿಕರವಾದರೆ ಲೋಯರ್ ಆರ್ಮ್‌ನ ಮುಂದಿನ ಬುಷ್‌ಗೆ ಕೈಹಾಕಿ, ಅದೂ ಅದರ ಬೋಲ್ಟ್ ಅಡ್ಡಡ್ಡವಾಗಿ, ಆರ್ಮ್ ತಿರುಗುವ ಅಕ್ಷದಲ್ಲೇ ಇದ್ದರೆ ಮಾತ್ರ. ಹಿಂದಿನದಕ್ಕೆ ಬೇರೆ ವಾಹನದ ಬೆಸೆದ ರಬ್ಬರ್ ಬುಷ್ಷನ್ನೇ ಅಳತೆ ನೋಡಿ ಹುಡುಕಿ. ಬೋಲ್ಟ್ ರಂಧ್ರ, ಕೊಳವೆಯ ಉದ್ದ, ಪೊಳ್ಳುಗಳ ಆಕಾರ ಹೊಂದಿಕೆಯಾದರೆ ಸಾಕು. ಹೊರವ್ಯಾಸ ಚಿಕ್ಕದಾಗಿದ್ದರೆ ಉಕ್ಕಿನ ಬಳೆಯೊಂದನ್ನು ಟರ್ನಿಂಗ್ ಮಾಡಿಸಿ, ಪ್ರೆಸ್‌ನಲ್ಲಿ ಬಿಗಿಯಾಗಿ ಕೂರಿಸಬಹುದು. ಒತ್ತುವಾಗ ಪೊಳ್ಳುಗಳ ದಿಕ್ಕು ಹಳೆಯದರಂತೆಯೇ ಬರಬೇಕು, ಹಾಗಾಗಿ ಹಳೆಯದನ್ನು ತೆಗೆಯುವ ಮೊದಲೇ ಆರ್ಮ್ ಮೇಲೆ ಗುರುತು ಹಾಕಿಕೊಳ್ಳಿ.

ಜೋಡಿಸುವಾಗ, ಬೆಸೆದ ರಬ್ಬರಿನ ಬುಷ್‌ಗಳ ಬೋಲ್ಟನ್ನು ಜ್ಯಾಕ್ ಇಳಿಸಿ ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿತಕ್ಕೆ ತರಬೇಕು. ಚಕ್ರ ತೂಗಾಡುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ವತಂತ್ರವಾಗಿ ತಿರುಗುವ ನಿಮ್ಮ ಬುಷ್‌ಗೆ ಈ ನಿರ್ಬಂಧವಿಲ್ಲ. ಬೋಲ್ಟ್ ತಲೆಯಿಂದ ಬ್ರಾಕೆಟ್‌ವರೆಗೆ ಬಣ್ಣದ ಗೆರೆ ಎಳೆದಿಡಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಮೊದಲ ಕೆಲವು ಓಡಾಟಗಳ ನಂತರ ಆ ಗೆರೆ ಸರಿದಿದೆಯೇ ಎಂದು ನೋಡಿ.