ಗ್ಯಾಸ್ ತುಂಬುವ ನೆಲವನ್ನು ಆಕಾಶದಿಂದ ಅಳೆಯಬಹುದಾ?

ಕಲ್ಲುಕುಟಿಗ: ಕ್ಯಾಲಿಫೋರ್ನಿಯಾದ ಅಲಿಸೋ ಕ್ಯಾನ್ಯನ್ ನೆನಪಿದೆಯಾ? ಎಣ್ಣೆ ಬರಿದಾದ ಮರಳುಗಲ್ಲಿನ ಪದರಕ್ಕೆ ಗ್ಯಾಸ್ ತುಂಬಿಸಿ, ಬೇಕಾದಾಗ ತೆಗೆಯುವ ಜಾಗ. 2015ರ ಅಕ್ಟೋಬರ್‌ನಲ್ಲಿ ಸೋರಲು ಶುರುವಾದದ್ದು ನಿಂತದ್ದು 2016ರ ಫೆಬ್ರವರಿಯಲ್ಲಿ. ಸುಮಾರು 1 ಲಕ್ಷ ಟನ್ ಮೀಥೇನ್ ಗಾಳಿಪಾಲು. ಇಂಥ ಕಡೆ ವಿಮಾನಕ್ಕೆ ಮ್ಯಾಗ್ನೆಟೋಮೀಟರ್ (ಕಾಂತಬಲ ಅಳೆಯುವ ಉಪಕರಣ) ಕಟ್ಟಿ, ಕೆಳಗಿನ ಬಂಡೆಯ ನಕ್ಷೆ ಮಾಡುವುದನ್ನು ಕಡ್ಡಾಯ ಮಾಡಬೇಕು.

ಸೀಸ್ಮಿಕ್ ಶೆಟ್ರು: ಗುರುಗಳೇ, ಮರಳುಗಲ್ಲು, ಶೇಲ್ ಎಂಬ ಜೇಡಿಕಲ್ಲುಗಳಲ್ಲಿ ಕಾಂತಗುಣ ಇಲ್ಲವೆನ್ನುವಷ್ಟು ಕಡಿಮೆ. ಗ್ಯಾಸಿನ ಮಾತಂತೂ ಬಿಡಿ. ಮ್ಯಾಗ್ನೆಟೋಮೀಟರಿಗೆ ಸಿಗುವುದು ತೀರಾ ತಳದ ಗ್ರಾನೈಟ್, ನೈಸ್‌ನಂಥ ಹಳೇ ಬಂಡೆ, ಅದೂ ಅದರಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಖನಿಜದಿಂದ. ಗ್ಯಾಸ್ ಮೇಲಿನ ಮುಚ್ಚಳದ ಪದರ ಗಟ್ಟಿಯಿದೆಯಾ ಅಂತ ನೋಡಲು ಸೀಸ್ಮಿಕ್ಕೇ (ನೆಲಕ್ಕೆ ಕಂಪನ ಕಳಿಸಿ ಪ್ರತಿಧ್ವನಿ ಕೇಳುವ ವಿಧಾನ) ಬೇಕು. ಪಾತ್ರೆಯ ತಳ ತಟ್ಟಿ ಮುಚ್ಚಳದ ಕಥೆ ಹೇಳಿದರೆ ಹೇಗೆ?

ಕಲ್ಲುಕುಟಿಗ: ತಳದ ಬಿರುಕು ಮೇಲಕ್ಕೂ ಬಂದಿರಬಹುದಲ್ವಾ? ಸೀಸ್ಮಿಕ್ ತಂತಿಯನ್ನು ಯಾವ ಹೊಲದಲ್ಲಿ ಎಳೆಯಬೇಕು ಅಂತಾದರೂ ಗೊತ್ತಾಗುತ್ತದೆ. ಅದರ ಖರ್ಚು ಸಣ್ಣದಲ್ಲ.

ಬಾವಿಕಟ್ಟೆ: ಇಬ್ಬರೂ ಬಂಡೆ ಹಿಡಿದು ಜಗ್ಗುತ್ತಿದ್ದೀರಿ. ಅಲ್ಲಿ ಸೋರಿದ್ದು ಬಂಡೆಯಲ್ಲ, ಬಾವಿ. ಎಸ್‌ಎಸ್-25 ಅಂತ, 1950ರ ದಶಕದಲ್ಲಿ ಎಣ್ಣೆಗೆಂದು ಕೊರೆದದ್ದು. ಗ್ಯಾಸ್ ಇದ್ದದ್ದು ಎರಡೂವರೆ ಕಿಲೋಮೀಟರ್ ಕೆಳಗೆ. ಕೇಸಿಂಗ್, ಅಂದರೆ ಬಾವಿಯ ಉಕ್ಕಿನ ಕೊಳವೆ, ಒಡೆದದ್ದು ಬರೀ 270 ಮೀಟರ್ ಆಳದಲ್ಲಿ, ಹೊರಗಿನಿಂದ ತುಕ್ಕು ತಿಂದು! ನಮ್ಮ ತೋಟದ ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪಕ್ಕ ಮೊಬೈಲ್ ಹಿಡಿದರೆ ದಿಕ್ಸೂಚಿ ಉತ್ತರವನ್ನೇ ಮರೆಯುತ್ತದೆ. ಅದೇ ಗುಟ್ಟು. ಮ್ಯಾಗ್ನೆಟೋಮೀಟರ್ ಹೊತ್ತ ಹೆಲಿಕಾಪ್ಟರ್ ತಗ್ಗಿನಲ್ಲಿ, ಒತ್ತೊತ್ತಾಗಿ ಸಾಲು ಹಾರಿದರೆ ಯಾರ ಕಡತದಲ್ಲೂ ಇಲ್ಲದ ಹಳೇ ಬಾವಿಗಳು ನಕ್ಷೆಯಲ್ಲಿ ಚುಕ್ಕೆಗಳಾಗಿ ಏಳುತ್ತವೆ. ಅಮೆರಿಕದ ವಯೋಮಿಂಗ್‌ನ ಸಾಲ್ಟ್ ಕ್ರೀಕ್ ಎಣ್ಣೆ ಪ್ರದೇಶದಲ್ಲಿ ಹೀಗೇ ಹುಡುಕಿದ್ದಾರೆ.

ಸೀಸ್ಮಿಕ್ ಶೆಟ್ರು: ಚುಕ್ಕೆ ಸರಿ, ತುಕ್ಕು ಕಾಣುತ್ತದಾ? ಎಸ್‌ಎಸ್-25 ಎಲ್ಲರಿಗೂ ಗೊತ್ತಿದ್ದ ಬಾವಿಯೇ.

ಬಾವಿಕಟ್ಟೆ: ಕಾಣಲ್ಲ, ಒಪ್ಪಿದೆ. ತುಕ್ಕಿಗೆ ಬಾವಿಯೊಳಗೇ ಉಪಕರಣ ಇಳಿಸಬೇಕು. ಕೇಸಿಂಗ್ ಕಿತ್ತುಕೊಂಡು ಹೋದ ಬಾವಿಯೂ ಸಿಗುವುದಿಲ್ಲ.

ಕುಡ್ಲದವ: ನಮ್ಮ ಉಡುಪಿ ಕಡೆಯ ಪಾದೂರಿನಲ್ಲೂ ನೆಲದೊಳಗೆ ತೈಲ ಇಟ್ಟಿದ್ದಾರಲ್ಲ, ಅಲ್ಲಿಗೂ ಇದೇ ಭಯವಾ ಮಾರಾಯ್ರೆ?

ಸೀಸ್ಮಿಕ್ ಶೆಟ್ರು: ಅದು ಬೇರೆ. ಗಟ್ಟಿ ಬಂಡೆ ಕೊರೆದು ಮಾಡಿದ ಗುಹೆ, ಇರುವುದು ಕಚ್ಚಾ ತೈಲ. ಸುತ್ತಲಿನ ನೀರಿನ ಒತ್ತಡವೇ ಅದನ್ನು ತಡೆದು ನಿಲ್ಲಿಸುತ್ತದೆ. ಹಳೇ ಎಣ್ಣೆ ಬಾವಿಯ ಕಾಟ ಅಲ್ಲಿಲ್ಲ.

ಕಲ್ಲುಕುಟಿಗ: ಸರಿ, ನನ್ನ ಮಾತು ತಿದ್ದುತ್ತೇನೆ. ಹಾರಿಸೋಣ, ಆದರೆ ಮೊದಲು ಬಾವಿ ಎಣಿಸೋಕೆ.

ಸೀಸ್ಮಿಕ್ ಶೆಟ್ರು: ತಗಡಿನ ಶೆಡ್‌ಗಳನ್ನು ಬಿಟ್ಟು ಎಣಿಸಿ. ಅವೂ ನಕ್ಷೆಯಲ್ಲಿ ಬಾವಿ ಥರಾನೇ ಕಾಣುತ್ತವೆ.