ಸ್ತೆಫನ ಹುತಾತ್ಮನೋ, ರಕ್ತಸಾಕ್ಷಿಯೋ?

ಗೆಳೆಯರೇ,

ಯೇಸುವಿನ ಮೇಲಿನ ನಂಬಿಕೆಗಾಗಿ ಮೊದಲು ಪ್ರಾಣ ಕೊಟ್ಟವನೆಂದು ಕ್ರೈಸ್ತರು ನೆನೆಯುವ ಸ್ತೆಫನನ ಬಗ್ಗೆ ಒಂದು ಚಿಕ್ಕ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಬರೆದವರು ಉದ್ದಕ್ಕೂ 'ಹುತಾತ್ಮ' ಅಂತಲೇ ಬರೆದಿದ್ದಾರೆ. ನನಗೆ ಅದನ್ನು 'ರಕ್ತಸಾಕ್ಷಿ' (ರಕ್ತ ಸುರಿಸಿ ಸಾಕ್ಷಿಯಾದವನು) ಮಾಡುವ ಆಸೆ. ಸುಮ್ನೆ ಹಟ ಅಲ್ಲ, ಕಾರಣ ಇದೆ.

ಹುತ ಅಂದರೆ ಬೆಂಕಿಗೆ ಹಾಕಿದ್ದು. ತನ್ನನ್ನೇ ಆಹುತಿ ಕೊಟ್ಟವನು ಹುತಾತ್ಮ. ಜನವರಿ 30ರ ಹುತಾತ್ಮರ ದಿನ, ಗಡಿಯಲ್ಲಿ ಮಡಿದ ಯೋಧರ ಸುದ್ದಿ, ಹೀಗೆ ಎಲ್ಲ ಕಡೆ ಬಳಸಿ ಪದ ಪಳಗಿದೆ. ಆದರೆ ಸ್ತೆಫನನ ಕಥೆ ಮೊದಲು ಬರೆದದ್ದು ಗ್ರೀಕಿನಲ್ಲಿ. ಇಂಗ್ಲಿಷಿನ 'ಮಾರ್ಟರ್' ಹುಟ್ಟಿದ ಅಲ್ಲಿನ 'ಮಾರ್ತುಸ್' ಪದದಲ್ಲಿ ಮೊದಲಿಗೆ ಬೆಂಕಿಯೂ ಇರಲಿಲ್ಲ, ಸಾವೂ ಇರಲಿಲ್ಲ. ಕಂಡದ್ದನ್ನು ನಾಲ್ಕು ಜನರ ಮುಂದೆ ಹೇಳುವವನು, ಅಷ್ಟೇ. ನಮ್ಮ 'ಸಾಕ್ಷಿ'ಯೂ ಕಣ್ಣಾರೆ ಕಂಡವನೇ ಅಲ್ವಾ, ಅದರಲ್ಲಿ 'ಅಕ್ಷಿ' ಕೂತಿದೆ. ಅರಬ್ಬಿಯ 'ಶಹೀದ್' ಕೂಡ ಸಾಕ್ಷಿ ಹೇಳುವ ಧಾತುವಿನಿಂದಲೇ ಬಂದದ್ದು.

ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 7ನೇ ಅಧ್ಯಾಯದ ಕೊನೆ ನೋಡಿ. ಸ್ತೆಫನನನ್ನು ಊರಾಚೆ ದಬ್ಬಿ ಕಲ್ಲೆಸೆಯುತ್ತಾರೆ. ಯೆಹೂದ್ಯರ ಹಳೆಯ ಕಾನೂನಿನ ಪ್ರಕಾರ ಮೊದಲ ಕಲ್ಲು ಆರೋಪಿಯ ವಿರುದ್ಧ ಹೇಳಿದ ಸಾಕ್ಷಿಗಳದ್ದು. ಅವರು ಮೇಲಂಗಿ ಬಿಚ್ಚಿ ಸೌಲನೆಂಬ ಹುಡುಗನ ಕಾಲ ಬಳಿ ಇಡುತ್ತಾರೆ. ಅಲ್ಲಿ ಕಲ್ಲು ಹಿಡಿದವರಿಗೂ 'ಮಾರ್ತುಸ್' ಎಂಬ ಪದವೇ. ಮುಂದೆ ಅದೇ ಸೌಲ ಯೇಸುವನ್ನು ನಂಬಿ, ಪೌಲನೆನಿಸಿಕೊಂಡು, 22ನೇ ಅಧ್ಯಾಯದಲ್ಲಿ ಆ ಬಟ್ಟೆ ಕಾದದ್ದನ್ನು ನೆನೆಯುತ್ತಾ, ಸತ್ತವನನ್ನು ಪ್ರಭು ಯೇಸುವಿನ 'ಮಾರ್ತುಸ್' ಅನ್ನುತ್ತಾನೆ. ಪದ ಕೊಂದವರ ಕೈಯಿಂದ ಸತ್ತವನ ಕಡೆಗೆ ಬಂತು! 1611ರ ಇಂಗ್ಲಿಷ್ ಬೈಬಲ್ ಅಲ್ಲಿ 'ಮಾರ್ಟರ್' ಅಂದುಬಿಟ್ಟಿತು. ಕನ್ನಡದವರು 'ಸಾಕ್ಷಿ'ಯನ್ನೇ ಉಳಿಸಿಕೊಂಡರು. 'ಹುತಾತ್ಮ' ಅಂದರೆ ಈ ಪಲ್ಲಟ ಕಾಣುವುದೇ ಇಲ್ಲ.

ಶಿಷ್ಯರಿಗೆ ಮುಂದೆ ಆಗಲಿರುವ ಹಿಂಸೆಯ ಬಗ್ಗೆ ಯೇಸು ಹೇಳುವ ಲೂಕನ ಸುವಾರ್ತೆಯ 21ನೇ ಅಧ್ಯಾಯದಲ್ಲೂ ಇದೇ ಎಳೆ. ನಿಮ್ಮನ್ನು ಹಿಡಿಯುತ್ತಾರೆ, ಸೆರೆಮನೆಗೆ ಹಾಕುತ್ತಾರೆ, ಅರಸರ ಮುಂದೆ ನಿಲ್ಲಿಸುತ್ತಾರೆ. ಅದೇ ನಿಮಗೆ ಸಾಕ್ಷಿ ಹೇಳುವ ಅವಕಾಶ ಅನ್ನುತ್ತಾನೆ. ಪ್ರಾಣ ಕೊಡಿ ಅಂತ ಅಲ್ಲಿ ಕೇಳುವುದಿಲ್ಲ. (ಇದೇ ಮಾತು ಬರುವ ಮತ್ತಾಯ 24:9ರಲ್ಲಿ 'ಉಪದ್ರವಕ್ಕೆ ಒಪ್ಪಿಸಿ' ಅಂತಿದೆ. ನನಗೆ ಸೊಳ್ಳೆ ಉಪದ್ರವ ನೆನಪಾಗುತ್ತದೆ, ಏನು ಮಾಡಲಿ! ಮೂಲದ 'ಥ್ಲಿಪ್ಸಿಸ್' ಅಂದರೆ ಅದುಮುವುದು, ಹಿಂಡುವುದು.)

'ಹುತಾತ್ಮ' ಪರವಾಗಿಯೂ ಒಂದು ಮಾತಿದೆ. ಎರಡನೇ ಶತಮಾನದಲ್ಲಿ ಸ್ಮುರ್ನ ಪಟ್ಟಣದ (ಈಗಿನ ಟರ್ಕಿಯಲ್ಲಿದೆ) ಮುದಿ ಬಿಷಪ್ ಪೊಲಿಕಾರ್ಪನನ್ನು, ಕ್ರಿಸ್ತನನ್ನು ಬೈದರೆ ಬಿಡುತ್ತೇವೆ ಅಂದರು. 86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡೂ ಮಾಡಿಲ್ಲ, ಹೇಗೆ ಬೈಯಲಿ ಅಂದ. ಬೆಂಕಿಗೆ ಕೊಟ್ಟರು. ಅವನ ಸಾವಿನ ಹಳೆಯ ವರದಿಯೇ ಅವನನ್ನು ಹೋಮಕ್ಕೆ ಆರಿಸಿದ ಟಗರಿಗೆ ಹೋಲಿಸುತ್ತದೆ. ಅವನಿಗೆ 'ಹುತ' ಅಕ್ಷರಶಃ ಒಪ್ಪುತ್ತದೆ. ಕಲ್ಲೇಟು ತಿಂದ ಸ್ತೆಫನನಿಗೆ ಅಷ್ಟು ಒಪ್ಪುವುದಿಲ್ಲ.

ನನ್ನ ತೊಡಕು ಎರಡು. 'ರಕ್ತಸಾಕ್ಷಿ' ಅಂದರೆ ಮಲಯಾಳದ ವಾಸನೆ ಬರುತ್ತದೆಯೇ? ಕೇರಳದಲ್ಲಿ ಕಮ್ಯುನಿಸ್ಟರ ಸ್ಮಾರಕಗಳ ಮೇಲೂ ಇದೇ ಪದ. ಇನ್ನು ಅಧ್ಯಾಯದ ತಲೆಬರಹ: 'ಸ್ತೆಫನನ ಹೌತಾತ್ಮ್ಯ' ಅಂದರೆ ನಾಲಿಗೆ ತಿರುಗುವುದಿಲ್ಲ. 'ಸ್ತೆಫನನ ರಕ್ತಸಾಕ್ಷ್ಯ' ನಡೆಯುತ್ತದೆಯೇ? ನಿಮ್ಮ ಕಡೆಯ ಚರ್ಚುಗಳಲ್ಲಿ ಹಿರಿಯರು ಏನನ್ನುತ್ತಾರೆ, ತಿಳಿಸಿ.